ವೈರಸ್ ಬಂತು ಅಂತ ಎರಡು ತಿಂಗಳು ಸುಳ್ಳು ಹೇಳಿದೆ

ನೀವು ಕೇಳಿದ್ದು, "ಸೋಲಿನಿಂದ ಕಲೀಬೇಕು ಅಂತ ಎಲ್ರೂ ಹೇಳ್ತಾರೆ, ಆದ್ರೆ ಕಲಿಯೋದು ಹೇಗೆ? ನಿಮಗೆ ನಿಜವಾಗಿ ಏನಾದ್ರೂ ಕಲಿಸಿದ ಸೋಲು ಇದೆಯಾ?" ಅಂತ. ಇದೆ. ಆದರೆ ಸೋತ ತಕ್ಷಣ ನಾನು ಏನೂ ಕಲಿಯಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

2020ರಲ್ಲಿ ಬೆಂಗಳೂರು ಬಿಟ್ಟು ಶಿರಸಿ ಹತ್ತಿರದ ನಮ್ಮ ಊರಿಗೆ ಬಂದೆ. ಕಂಪನಿ ಕೆಲಸ ಮನೆಯಿಂದಲೇ ನಡೀತಿತ್ತು. ಅಡಿಕೆ ತೋಟ ಇದೆ, ಜೇನು ಸಾಕೋಣ ಅನಿಸಿತು. ಒಂದಷ್ಟು ವಿಡಿಯೋ ನೋಡಿ, 2021ರ ನವೆಂಬರ್‌ನಲ್ಲಿ ಪೆಟ್ಟಿಗೆಯಲ್ಲಿ ಸಾಕೋ ನಾಡು ಜಾತಿಯ ತುಡುವೆ ಜೇನಿನ 12 ಕುಟುಂಬ (ಒಂದು ಗೂಡಿನ ನೊಣಗಳೆಲ್ಲ ಸೇರಿ ಒಂದು ಕುಟುಂಬ) ತಂದೆ, ಪೆಟ್ಟಿಗೆ ಸಮೇತ ಒಂದಕ್ಕೆ 4,500 ರೂಪಾಯಿ. ಎರಡು ಪೆಟ್ಟಿಗೆಯಿಂದ ಶುರು ಮಾಡು ಅಂತ ಅಪ್ಪ ಹೇಳಿದ್ದರು. ಕೇಳಲಿಲ್ಲ.

ಮೊದಲ ಬೇಸಿಗೆಯಲ್ಲಿ ಸುಮಾರು 60 ಕೆಜಿ ಜೇನುತುಪ್ಪ ಬಂತು. ತಲೆ ತಿರುಗಿತು ಅನ್ನಿ. ಬಾಟಲಿಗೆ ಅಂಟಿಸೋಕೆ 500 ಲೇಬಲ್ ಪ್ರಿಂಟ್ ಮಾಡಿಸಿದೆ. ಆಫೀಸಿನವರಿಗೆಲ್ಲ ಮುಂದಿನ ವರ್ಷದ ಆರ್ಡರ್ ಈಗಲೇ ಕೊಡಿ ಅಂದೆ. ಮೇ ಕೊನೆಯಲ್ಲಿ ಇನ್ನೊಂದು ಸಲ ತುಪ್ಪ ತೆಗೆದೆ, ಮೇಲಿನ ಜೇನು ಕೋಣೆಯದ್ದು ಮಾತ್ರ ಅಲ್ಲ, ಕೆಳಗೆ ಮರಿಗಳಿರುವ ಸಂಸಾರ ಕೋಣೆಯ ಎರಿಗಳ, ಅಂದ್ರೆ ನೊಣ ಕಟ್ಟಿದ ಮೇಣದ ಹಲಗೆಗಳ, ತುದಿಯಲ್ಲಿ ಅವು ತಮಗೆ ಅಂತ ಇಟ್ಟುಕೊಂಡಿದ್ದನ್ನೂ ಬಿಡಲಿಲ್ಲ.

ಜೂನ್‌ನಲ್ಲಿ ಮಳೆ ಹಿಡೀತು. ನಮ್ಮ ಕಡೆಯ ಮಳೆ ಗೊತ್ತಲ್ಲ, ಕೊಡೆ ಹಿಡಿದು ತೋಟಕ್ಕೆ ಇಳಿದರೆ ಕಾಲಿಗೆ ಉಂಬಳ (ಜಿಗಣೆ). ಹದಿನೈದು ದಿನಕ್ಕೊಮ್ಮೆ ದೂರದಿಂದ ನೋಡಿ ಬರ್ತಿದ್ದೆ, ಪೆಟ್ಟಿಗೆ ಬಾಗಿಲಲ್ಲಿ ನಾಲ್ಕು ಜೇನುನೊಣ ಕಂಡರೆ ಸರಿ ಇದೆ ಅಂದ್ಕೊಳ್ತಿದ್ದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಒಂಬತ್ತು ಪೆಟ್ಟಿಗೆ ಖಾಲಿ. ಸತ್ತ ನೊಣಗಳೂ ಇರಲಿಲ್ಲ, ಎದ್ದು ಹೋಗಿದ್ದವು ಅಷ್ಟೇ.

ಈಗ ನನ್ನ ಬುದ್ಧಿ ನೋಡಿ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನೋ ವೈರಸ್ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನು ಹೆಚ್ಚೂಕಡಿಮೆ ಅಳಿದೇ ಹೋಗಿತ್ತು ಅಂತ ಎಲ್ಲೋ ಓದಿದ್ದೆ. ಸಿಕ್ಕಿದವರಿಗೆಲ್ಲ "ವೈರಸ್ ಬಂತು, ಯಾರೇನು ಮಾಡೋಕಾಗುತ್ತೆ" ಅಂದೆ. ಕೇಳಿದವರು ಅಯ್ಯೋ ಪಾಪ ಅಂದರು. ಹೇಳ್ತಾ ಹೇಳ್ತಾ ನಾನೂ ನಂಬಿಬಿಟ್ಟೆ. ಒಳಗೊಳಗೆ ಕುಟುಂಬ ಮಾರಿದವನ ಮೇಲೂ ಸಿಟ್ಟಿತ್ತು, ಬಲ ಇಲ್ಲದ್ದನ್ನ ಕೊಟ್ಟ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಪೆಟ್ಟಿಗೆಗಳನ್ನ ಕಣ್ಣಿಗೆ ಕಾಣದ ಹಾಗೆ ಅಟ್ಟಕ್ಕೆ ಹಾಕಿದೆ.

ದೀಪಾವಳಿ ಹೊತ್ತಿಗೆ ಅವನ್ನ ಮಾರಿಬಿಡೋಣ ಅಂತ ಒಂದಿಬ್ಬರಿಗೆ ಹೇಳಿದ್ದೆ. ಪಕ್ಕದ ಊರಿನ ಅಜ್ಜ ಒಬ್ಬರು ನೋಡೋಕೆ ಬಂದರು, ಜೀವಮಾನ ಎಲ್ಲ ಜೇನು ಸಾಕಿದವರು. ಅವರಿಗೂ ವೈರಸ್ ಕಥೆ ಹೇಳಿದೆ. ಅವರು ಏನೂ ಅನ್ನದೆ ಪೆಟ್ಟಿಗೆ ಕೆಳಗಿಳಿಸಿ, ಒಂದೊಂದೇ ಎರಿ ತೆಗೆದು ಬೆಳಕಿಗೆ ಹಿಡಿದರು. ಎರಡರಲ್ಲಿ ಮೇಣದ ಹುಳು ಎಲ್ಲ ತಿಂದು ಬಲೆ ಕಟ್ಟಿತ್ತು. ಉಳಿದವುಗಳಲ್ಲಿ ಎರಿ ಇತ್ತು, ಆದರೆ ಅದರ ಪುಟ್ಟ ಗೂಡಿನಂಥ ಕಣಗಳೆಲ್ಲ ಒಣಗಿ ಖಾಲಿ. ವೈರಸ್ ಆಗಿದ್ದರೆ ಸತ್ತ ಮರಿಗಳು ಒಳಗೆ ನೀರು ತುಂಬಿದ ಚೀಲದ ಥರ ಆಗಿರುತ್ತವಂತೆ, ಆಮೇಲೆ ಒಣಗಿ ಕಪ್ಪು ಸಿಪ್ಪೆಯ ಹಾಗೆ ಕಣದಲ್ಲೇ ಉಳಿಯುತ್ತವಂತೆ. ಇಲ್ಲಿ ಸಿಪ್ಪೆ ಇಲ್ಲ, ತುಪ್ಪ ಇಲ್ಲ, ಪರಾಗ ಒಂದು ಚೂರೂ ಇಲ್ಲ. "ರೋಗ ಅಲ್ದೋ ತಮಾ, ಹಸಿವು" ಅಂದರು.

ನಾನು ವಾದ ಮಾಡಿದೆ. ಹಾಗಾದ್ರೆ ಉಳಿದ ಮೂರು ಯಾಕೆ ಹೋಗಲಿಲ್ಲ, ಎಲ್ಲದಕ್ಕೂ ಒಂದೇ ಮಳೆ ಅಲ್ವಾ ಅಂತ ಕೇಳಿದೆ. ಅದಕ್ಕೆ ಅವರು, ಆ ಮೂರರಿಂದ ಕೊನೇ ಸಲ ಎಷ್ಟು ತುಪ್ಪ ತೆಗೆದೆ ಅಂದರು.

ತೆಗೆದೇ ಇರಲಿಲ್ಲ. ಅವತ್ತು ಒಂದು ಮದುವೆಗೆ ಹೋಗಬೇಕಿತ್ತು, ಹೊತ್ತಾಯಿತು ಅಂತ ಮೂರು ಪೆಟ್ಟಿಗೆ ಹಾಗೇ ಬಿಟ್ಟಿದ್ದೆ. ನಾನು ಮುಟ್ಟದೇ ಇದ್ದವು ಮಾತ್ರ ಬದುಕಿದ್ದವು. ಆ ಕ್ಷಣ ನಾಚಿಕೆಯಾಯಿತು, ಆದರೆ ವಿಚಿತ್ರ ಅಂದ್ರೆ ಅದರ ಜೊತೆ ಒಂಥರಾ ಸಮಾಧಾನವೂ ಆಯಿತು. ವೈರಸ್‌ಗೆ ನಾನೇನೂ ಮಾಡೋಕಾಗಲ್ಲ, ಹಸಿವಿಗೆ ಮಾಡಬಹುದಲ್ಲ! ಎರಡು ತಿಂಗಳು ಸುಳ್ಳು ಹೇಳಿ ನಾನು ಮರ್ಯಾದೆ ಉಳಿಸಿಕೊಂಡಿದ್ದೆ, ದಾರಿ ಮುಚ್ಚಿಕೊಂಡಿದ್ದೂ ಅದರಿಂದಲೇ. ಅಜ್ಜ ಪೆಟ್ಟಿಗೆ ಕೊಳ್ಳಲಿಲ್ಲ, ಚಹಾ ಕುಡಿದು ಹೋದರು.

ಮುಂದಿನದ್ದು ಬೇಗ ಹೇಳ್ತೀನಿ. ಮೂರರಿಂದಲೇ ಶುರು ಮಾಡಿದೆ. ಏಪ್ರಿಲ್ ಆದಮೇಲೆ ಸಂಸಾರ ಕೋಣೆಗೆ ಕೈ ಹಾಕಲ್ಲ. ಮಳೆಗಾಲದಲ್ಲಿ ಎಂಟು ದಿನಕ್ಕೊಮ್ಮೆ ಸಕ್ಕರೆ ಪಾಕ, ಒಂದು ಕೆಜಿಗೆ ಒಂದು ಲೀಟರ್ ನೀರು. ಅದನ್ನೂ ಸಂಜೆ ಮೇಲೆಯೇ ಇಡಬೇಕು, ಹಗಲಲ್ಲಿ ಇಟ್ಟರೆ ಪಕ್ಕದ ಪೆಟ್ಟಿಗೆಯವು ಕದಿಯೋಕೆ ಬಂದು ಹೊಡೆದಾಡುತ್ತವೆ. ನೊಣಗಳು ತುಂಬಿ ಕೂರದ ಎರಿಯನ್ನ ತೆಗೆದುಬಿಡ್ತೀನಿ, ಮೇಣದ ಹುಳು ಮೊದಲು ಹಿಡಿಯೋದು ಅಲ್ಲೇ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ಮತ್ತೆ ಒಂದು ನೋಟ್‌ಬುಕ್ ಇದೆ. ಕುಟುಂಬ ಹೋದರೆ ಅವತ್ತೇ ಪೆಟ್ಟಿಗೆ ಬಿಚ್ಚಿ ಒಳಗೆ ಏನಿತ್ತು ಅಂತ ಬರೀತೀನಿ. ಯಾಕೆ ಹೋಯಿತು ಅನ್ನೋದನ್ನ ಮಾರನೇ ದಿನ ಬರೆಯೋದು, ಅವತ್ತೇ ಬರೆದರೆ ಬೇರೆಯವರ ಮೇಲೆ ಹಾಕೋ ಆಸೆ ಜಾಸ್ತಿ ಇರುತ್ತೆ.

ಆಫೀಸಿನಲ್ಲೂ ಏನಾದರೂ ಕೆಟ್ಟಾಗ "ಸರ್ವರ್ ತೊಂದರೆ" ಅನ್ನೋ ಮಾತು ಬಾಯಿಗೆ ಬಂದರೆ ಒಂದು ನಿಮಿಷ ತಡೀತೀನಿ. ಯಾವಾಗಲೂ ಅಲ್ಲ, ಎಷ್ಟೋ ಸಲ ಹೇಳಿಬಿಟ್ಟ ಮೇಲೆ ನೆನಪಾಗುತ್ತೆ.

ಸೋಲೇ ಗೆಲುವಿನ ಮೆಟ್ಟಿಲು ಅಂತ ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಕಿರಿಕಿರಿ. 40 ಸಾವಿರ ಹೋಯಿತು, ವಾಪಸ್ ಬಂದಿಲ್ಲ. ಉಳಿದ ಲೇಬಲ್‌ಗಳನ್ನ ಅಮ್ಮ ಮಿಡಿ ಉಪ್ಪಿನಕಾಯಿ ಬಾಟಲಿ ಸೋರೋ ಕಡೆ ಅಂಟಿಸ್ತಾ ಇದ್ದಾರೆ, ಹಾಗಾಗಿ ನಮ್ಮನೆ ಉಪ್ಪಿನಕಾಯಿ ಮೇಲೆ "ಶುದ್ಧ ಜೇನುತುಪ್ಪ" ಅಂತ ಇರುತ್ತೆ.

ಮೂರರಿಂದ 16 ಕುಟುಂಬ ಆಗಿದ್ದವು, ಕಳೆದ ಮಳೆಗಾಲದಲ್ಲಿ ಎರಡು ಹೋದವು. ಒಂದರ ಮುಂದೆ ನೋಟ್‌ಬುಕ್‌ನಲ್ಲಿ "ಇರುವೆ, ಬಟ್ಟಲಲ್ಲಿ ನೀರು ಹಾಕಲು ಮರೆತೆ" ಅಂತ ಬರೆದಿದ್ದೇನೆ. ಇನ್ನೊಂದರಲ್ಲಿ ತುಪ್ಪವೂ ಇತ್ತು, ಮರಿಯೂ ಇತ್ತು. ಎರಿ ತಗೊಂಡು ಹೋಗಿ ಅಜ್ಜನಿಗೆ ತೋರಿಸಿದೆ, ಅವರಿಗೂ ತಿಳಿಯಲಿಲ್ಲ. ಆ ಸಾಲು ಇನ್ನೂ ಖಾಲಿ ಇದೆ.