ದಿಂಬಿಟ್ಟರೆ ತೂಕ ಬರುವುದಿಲ್ಲ

ಪ್ರಶ್ನೆ: ಸರ್, ನಾನು ಜರ್ಮನಿಯಲ್ಲಿ ಓದುತ್ತಿದ್ದೇನೆ. ಇಲ್ಲಿನ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕ್ಲಬ್ಬಿನಲ್ಲಿ ಎರಡು ಸೀಟಿನ ಎಎಸ್‌ಕೆ 21ರಲ್ಲಿ ಸೋಲೋ, ಅಂದರೆ ಶಿಕ್ಷಕರಿಲ್ಲದ ಒಂಟಿ ಹಾರಾಟ, ಮುಗಿದಿದೆ. ಮುಂದಿನ ವಾರ ಒಂದೇ ಸೀಟಿನ ಆಸ್ಟಿರ್ ಗ್ಲೈಡರ್ ಕೊಡುತ್ತಾರೆ. ಅದರ ಫಲಕದಲ್ಲಿ ಪೈಲಟ್ ತೂಕ ಕನಿಷ್ಠ 70 ಕೆಜಿ ಎಂದಿದೆ. ನಾನು 56 ಕೆಜಿ, ಪ್ಯಾರಾಚೂಟ್ ಸೇರಿ 63. ಬೆನ್ನ ಹಿಂದೆ ದಿಂಬಿಟ್ಟು ಮುಂದೆ ಸರಿದು ಕೂತರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. ಹೌದಾ?

ಉತ್ತರ: ಸಾಲದು. ಈ ದಿಂಬಿನ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ಇಂಥದ್ದನ್ನು ಹೇಳಿಕೊಡುವವರ ಮೇಲೆ.

ಪೈಲಟ್ ಹಗುರವಾದಷ್ಟೂ ಸಿಜಿ (ಗ್ಲೈಡರಿನ ಒಟ್ಟು ತೂಕದ ಕೇಂದ್ರ) ಹಿಂದಕ್ಕೆ ಸರಿಯುತ್ತದೆ. ಆಗ ಸ್ಟಿಕ್ (ನಿಯಂತ್ರಣದ ಕೋಲು) ಸ್ವಲ್ಪ ಎಳೆದರೂ ಮೂಗು ಜಾಸ್ತಿ ಏಳುತ್ತದೆ. ಗಾಬರಿಯಾಗಿ ಒತ್ತುತ್ತೀರಿ, ಧುಮುಕುತ್ತದೆ. ಮತ್ತೆ ಎಳೆಯುತ್ತೀರಿ. ನೆಲ ಬಿಟ್ಟು ಎರಡೇ ಮೀಟರ್ ಏರಿದಾಗ ಈ ಉಯ್ಯಾಲೆ ಶುರುವಾದರೆ ಸರಿಪಡಿಸಲು ಎತ್ತರವೇ ಇರುವುದಿಲ್ಲ. ಸ್ಪಿನ್ (ಗಿರಗಿರ ತಿರುಗುತ್ತ ಬೀಳುವುದು) ಇನ್ನೂ ಕೆಟ್ಟದ್ದು. ಸಿಜಿ ಮಿತಿ ದಾಟಿದ್ದರೆ, ಕಲಿತದ್ದನ್ನೆಲ್ಲ ಸರಿಯಾಗಿ ಮಾಡಿದರೂ ಗ್ಲೈಡರ್ ಸ್ಪಿನ್ನಿಂದ ಹೊರಬರದೇ ಇರಬಹುದು.

ಮೆತ್ತನೆಯ ದಿಂಬು ವಿಂಚ್ (ಗ್ಲೈಡರನ್ನು ಹಗ್ಗದಿಂದ ಎಳೆದು ಮೇಲೇರಿಸುವ ನೆಲದ ಯಂತ್ರ) ಎಳೆದ ಕೂಡಲೇ ಅಮುಕಿಕೊಳ್ಳುತ್ತದೆ. ನೀವು ಹಿಂದಕ್ಕೆ ಜಾರುತ್ತೀರಿ, ಕೈಯಲ್ಲಿದ್ದ ಸ್ಟಿಕ್ಕೂ ಹಿಂದೆ ಬರುತ್ತದೆ. ಕಾಲಿಗೆ ಪೆಡಲ್ ಎಟಕುವುದಿಲ್ಲ. ಒಬ್ಬ ಹುಡುಗ ತೂಕಕ್ಕೆಂದು ನೀರಿನ ಬಾಟಲಿ ತುಂಬಿದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಆವತ್ತು ಅವನನ್ನು ಹಾರಲು ಬಿಡಲಿಲ್ಲ. ಆ ಚೀಲ ಉರುಳಿ ಪೆಡಲ್ ಹಿಂದೆ ಸಿಕ್ಕಿಕೊಂಡರೆ ಅವನೇನು ಮಾಡಬೇಕಿತ್ತು?

ತೂಕ ಅಂದರೆ ಸೀಸ. ಅದೂ ಕೈಪಿಡಿ ಹೇಳಿದ ಜಾಗದಲ್ಲಿ, ಬೋಲ್ಟ್ ಬಿಗಿದು. ಮೂಗಿನ ಹತ್ತಿರ ಕೂರಿಸಿದ ಸೀಸದ ತಟ್ಟೆ ತನ್ನ ತೂಕಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಎಷ್ಟು ಎಂಬುದನ್ನು ಆ ಗ್ಲೈಡರ್‌ನ ಕೈಪಿಡಿಯಲ್ಲೇ ನೋಡಿ. ಎಎಸ್‌ಕೆ 21ರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ಆಸ್ಟಿರ್‌ಗಳ ಫಲಕದಲ್ಲೂ ಬೇರೆ ಬೇರೆ ಅಂಕಿ ಇರಬಹುದು. ರಿಪೇರಿ, ಬಣ್ಣ, ಎಲ್ಲವೂ ಸಿಜಿಯನ್ನು ಬದಲಿಸುತ್ತವೆ.

ಸರಿಯಾಗಿ 70ಕ್ಕೆ ತಂದು ನಿಲ್ಲಿಸಬೇಡಿ. ಹೊಸ ಗ್ಲೈಡರ್‌ನ ಮೊದಲ ಹಾರಾಟಗಳಿಗೆ ಕನಿಷ್ಠಕ್ಕಿಂತ 15 ಕೆಜಿ ಮೇಲಿದ್ದರೆ ನನಗೆ ನೆಮ್ಮದಿ. ನನ್ನದು ಅತಿಯಾದ ಎಚ್ಚರ ಅನ್ನುವವರಿದ್ದಾರೆ, ಇರಲಿ. ಅಷ್ಟು ಸೀಸ ಕೂರಿಸಲು ಜಾಗವಿಲ್ಲವೆಂದರೆ ಎಎಸ್‌ಕೆ 21ರಲ್ಲೇ ಇನ್ನಷ್ಟು ದಿನ ಹಾರಿ. 63ಕ್ಕೆ ಮಾತ್ರ ಯಾರು ಹೇಳಿದರೂ ಏರಬೇಡಿ.

ಪ್ರಶ್ನೆ: ಆಸ್ಟಿರ್‌ನ ಚಕ್ರವನ್ನು ಮೊದಲ ದಿನವೇ ಒಳಗೆಳೆಯಬೇಕಾ?

ಉತ್ತರ: ಬೇಡ. ಇಳಿಯುವ ಗಡಿಬಿಡಿಯಲ್ಲಿ, ರೆಕ್ಕೆಯಿಂದ ಎದ್ದು ಗ್ಲೈಡರನ್ನು ಬೇಗ ಕೆಳಗಿಳಿಸುವ ಏರ್‌ಬ್ರೇಕ್ ಬದಲು ಚಕ್ರದ ಲಿವರ್‌ಗೆ ಕೈ ಹಾಕಿದವರಿದ್ದಾರೆ. ಹಿಂದಿನ ದಿನ ಅರ್ಧ ಗಂಟೆ ಕಾಕ್‌ಪಿಟ್‌ನಲ್ಲಿ ಕೂತು, ಕಣ್ಮುಚ್ಚಿ ಒಂದೊಂದೇ ಲಿವರ್ ಮುಟ್ಟಿ ಹೆಸರು ಹೇಳಿ.

ಪ್ರಶ್ನೆ: ಮಧ್ಯಾಹ್ನ ಥರ್ಮಲ್ (ಮೇಲೇಳುವ ಬಿಸಿ ಗಾಳಿ) ಚೆನ್ನಾಗಿರುತ್ತದೆ, ಆಗಲೇ ಹೋಗಲಾ?

ಉತ್ತರ: ಬೇಡ. ಸಂಜೆ, ಗಾಳಿ ಸುಮ್ಮನಾದ ಮೇಲೆ ಹೋಗಿ.

ಪ್ರಶ್ನೆ: ಮನೆಯವರಿಗೆ ತೋರಿಸಲು ಮೊಬೈಲಿನಲ್ಲಿ ವಿಡಿಯೊ ಮಾಡಬಹುದಾ?

ಉತ್ತರ: ಮೊಬೈಲ್ ಕೆಳಗೇ ಕೊಟ್ಟು ಹೋಗಿ.