ಕಾವಲಿನಲ್ಲಿ ಕುದುರೆ ಜೊತೆ ಎರಡು ರಾತ್ರಿ

ಪ್ರಶ್ನೆ: ಅಜ್ಜಂಪುರದ ಕಡೆ ಅಮೃತಮಹಲ್ ಕಾವಲಿನಲ್ಲಿ (ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲು) ಕುದುರೆ ಸವಾರಿ ಮಾಡಿ ಎರಡು ರಾತ್ರಿ ತಂಗಬೇಕೆಂದಿದ್ದೇವೆ. ಮೇವು, ನೀರಿನ ಲೆಕ್ಕ ಹೇಗೆ? ರಾತ್ರಿ ಕುದುರೆಗಳನ್ನು ಕಟ್ಟುವುದು ಹೇಗೆ?
– ಓದುಗರೊಬ್ಬರು, ಕಡೂರು

ಉತ್ತರ: ಮೊದಲು ಅನುಮತಿ. ಸರ್ಕಾರಿ ಜಾಗ ಅಂದಮಾತ್ರಕ್ಕೆ ಗುಡಾರ ಹಾಕುವಂತಿಲ್ಲ. ಆ ಕಾವಲು ಪಶುಸಂಗೋಪನೆಯವರದೋ ಅರಣ್ಯದವರದೋ ವಿಚಾರಿಸಿ, ಬರಹದಲ್ಲೇ ಪಡೆಯಿರಿ. ಸಿಗದಿದ್ದರೆ ಪಕ್ಕದ ತೋಟದವರನ್ನು ಕೇಳಿಕೊಂಡು ಅಲ್ಲಿ ತಂಗುವುದೇ ವಾಸಿ.

350 ಕೆಜಿ ತೂಗುವ ಕುದುರೆಗೆ ದಿನಕ್ಕೆ ಸುಮಾರು 7 ಕೆಜಿ ಒಣಹುಲ್ಲು, 25ರಿಂದ 40 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಕಟ್ಟೆ ಬತ್ತಿರಬಹುದು. ವಾರ ಮೊದಲೇ ನೋಡಿ ಬನ್ನಿ. ರೂಢಿಯ ಹುಲ್ಲನ್ನೇ ಒಯ್ಯಿರಿ. ಮೇವು ದಿಢೀರನೆ ಬದಲಾದರೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲಾಗದು, ಹಾಗಾಗಿ ಅದು ಜೀವಕ್ಕೇ ಎರವಾದೀತು. ನೆಲ ಕೆರೆದು, ಹೊಟ್ಟೆಯತ್ತ ತಿರುಗಿ ನೋಡುತ್ತಿದ್ದರೆ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ.

ಗೂಟಕ್ಕೆ ಉದ್ದ ಹಗ್ಗ ಬಿಟ್ಟು ಕಟ್ಟಬೇಡಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ಎರಡು ಗಟ್ಟಿ ಮರಗಳ ನಡುವೆ 7 ಅಡಿ ಎತ್ತರದಲ್ಲಿ ಹಗ್ಗ ಬಿಗಿದು, ಕುದುರೆಯ ಹಗ್ಗವನ್ನು ಅದಕ್ಕೆ ಕಟ್ಟಿ. ಮೂತಿ ಹುಲ್ಲಿಗೆ ಎಟುಕಿದರೆ ಸಾಕು. ತೊಗಟೆ ಸುಲಿಯದಂತೆ ಮರಕ್ಕೆ ಗೋಣಿಚೀಲ ಸುತ್ತಿ. ಲಂಟಾನ ಪೊದೆಯ ಹತ್ತಿರ ಮಾತ್ರ ಬೇಡ, ಅದು ವಿಷ.

ಜೀನಿನಡಿಯ ಕಂಬಳಿಯಲ್ಲಿ ಒಂದು ಸುಕ್ಕಿದ್ದರೂ ಬೆನ್ನು ಹುಣ್ಣಾಗುತ್ತದೆ. ಪ್ರತಿ ನಿಲುಗಡೆಯಲ್ಲೂ ಗೊರಸಿನ ಕಲ್ಲು ತೆಗೆಯಿರಿ.