ಜೈಲಿನಿಂದ ಬಂದವರ ಕಥೆ ಇರುವ ‘ಟಫ್ ಗೈಸ್’ ನೋಡಬಹುದಾ?

ಜೈಲು ಮುಗಿಸಿ ಹೊಸದಾಗಿ ಬದುಕು ಕಟ್ಟಿಕೊಳ್ಳುವವರ ಬಗ್ಗೆ ನಗಿಸುವ ಸಿನಿಮಾ ಬೇಕು, ‘ಟಫ್ ಗೈಸ್’ ಹೇಗಿದೆ ಅಂತ ಕೇಳಿದ್ದೀರಿ. ಒಂದು ಸಲ ನೋಡಬಹುದು, ಅಷ್ಟೇ.

1986ರ ಹಾಲಿವುಡ್ ಸಿನಿಮಾ. ರೈಲು ದರೋಡೆ ಮಾಡಿ 30 ವರ್ಷ ಒಳಗಿದ್ದು ಬಂದ ಇಬ್ಬರು ಮುದುಕರಾಗಿ ಬರ್ಟ್ ಲ್ಯಾಂಕಾಸ್ಟರ್, ಕರ್ಕ್ ಡಗ್ಲಾಸ್ ಇದ್ದಾರೆ. ಎಳೆ ಮಾತ್ರ ಸಖತ್ತಾಗಿದೆ. ದುಡಿಯುವ ವಯಸ್ಸು ಮುಗೀತು ಅಂತ ಒಬ್ಬನನ್ನು ವೃದ್ಧಾಶ್ರಮಕ್ಕೆ ಕಳಿಸುತ್ತಾರೆ. ಇನ್ನೊಬ್ಬನಿಗೆ ಇನ್ನೂ ವಯಸ್ಸಾಗಿಲ್ಲವಂತೆ, ದುಡಿಯಲೇಬೇಕು. ಮೇಲೆ, ಇಬ್ಬರೂ ಭೇಟಿಯಾಗಬಾರದು ಅಂತ ಪೆರೋಲ್ ಷರತ್ತು ಬೇರೆ! ಇಷ್ಟರಲ್ಲೇ ಎರಡು ಗಂಟೆ ನಗಿಸಬಹುದಿತ್ತು ಅಲ್ವಾ? ನಿರ್ದೇಶಕ ಜೆಫ್ ಕ್ಯಾನ್ಯೂಗೆ ಅಷ್ಟು ತಾಳ್ಮೆ ಇಲ್ಲ. ಜಿಮ್ಮು, ಹುಡುಗಿ ಅಂತ ಸುತ್ತಾಡಿಸಿ ಮತ್ತೆ ರೈಲಿಗೇ ಹತ್ತಿಸುತ್ತಾರೆ.

ನಾನು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯುನಿಟ್ ನಡೆಸುತ್ತೇನೆ. ಪೀಸ್ ಲೆಕ್ಕದ ಕೆಲಸ, ಕೈ ಓಡಿದರೆ ಸಾಕು, ಹಿಂದಿನದ್ದನ್ನು ಯಾರೂ ಜಾಸ್ತಿ ಕೆದಕಲ್ಲ. ಜೈಲಿನಲ್ಲಿ ಟೈಲರಿಂಗ್ ಕಲಿತು ಬಂದವರೊಬ್ಬರು ನಮ್ಮಲ್ಲಿದ್ದಾರೆ. ಜಿಪ್ಪು ಕೂರಿಸುವುದರಲ್ಲಿ ಎತ್ತಿದ ಕೈ. ಬಟವಾಡೆಯನ್ನು ಫೋನ್‌ಪೇ ಮಾಡೋಣ ಅಂದರೆ, ಅವರ ಬ್ಯಾಂಕ್ ಖಾತೆಗೆ ಹಳೇ ನಂಬರ್ ಇತ್ತು. ಅವರು ಒಳಗಿದ್ದಾಗ ಸಿಮ್ ಬಂದ್ ಆಗಿದೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಕೊಟ್ಟೂ ಬಿಟ್ಟಿದ್ದರು. ಇವರ ಒಟಿಪಿ ಎಲ್ಲಾ ಯಾರೋ ಪುಣ್ಯಾತ್ಮನಿಗೆ ಹೋಗುತ್ತಿತ್ತು.

ಕೊನೆಗೆ ನನ್ನ ಫೋನಿನಿಂದ ಅವನಿಗೇ ಹಚ್ಚಿದರು. “ಯಣ್ಣಾ, ಈಗೊಂದು ಒಟಿಪಿ ಬಂದೈತಲ್ಲ, ಅದು ನಂದು. ಸ್ವಲ್ಪ ಹೇಳ್ರಿ.” ಆ ಕಡೆಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. “ನಿಮ್ಮಂಥೋರನ್ನ ಜೈಲಿಗೆ ಹಾಕಿಸ್ಬೇಕು” ಅಂತಲೂ ಅಂದ. ಇವರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. “ಈಗಷ್ಟೇ ಬಂದೀನಿ ಅಂತ ಹೇಳ್ಲೇನ್ರಿ?” ಓವರ್‌ಲಾಕ್ ಮಷಿನ್ನಿನ ಹುಡುಗರು ಕೆಲಸ ಬಿಟ್ಟು ನಕ್ಕರು. ಬೈದವನದೂ ತಪ್ಪಿಲ್ಲ ಬಿಡಿ, ಒಟಿಪಿ ಕೇಳಿದರೆ ಇನ್ನೇನು ಮಾಡ್ತಾನೆ? ಆಮೇಲೆ ಆಧಾರ್ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿ ನಂಬರ್ ಬದಲಿಸಿ, ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದಾಯಿತು. ಅಲ್ಲಿಯವರೆಗೂ ದುಡ್ಡು ಕೈಗೇ ಕೊಟ್ಟೆ.

ಇಂಥ ನಗುವನ್ನೇ ಆ ಸಿನಿಮಾದಲ್ಲಿ ಹುಡುಕಿದ್ದು ನಾನು. ಡಗ್ಲಾಸ್ ಐಸ್‌ಕ್ರೀಂ ಅಂಗಡಿ ಥರದ ಕಡೆ ಕೆಲಸಕ್ಕೆ ನಿಲ್ಲುವಾಗ ಸ್ವಲ್ಪ ಸಿಗುತ್ತೆ, ಅಷ್ಟರಲ್ಲಿ ಕಥೆ ಬೇರೆ ಕಡೆ ಓಡುತ್ತೆ. ಬೋರ್ ಅಂತೂ ಆಗಲ್ಲ. ಇಬ್ಬರಿಗೂ ಆಗ ಎಪ್ಪತ್ತರ ಆಸುಪಾಸು, ಆದರೂ ಸುಮ್ನೆ ನಡೆದು ಬಂದರೂ ನೋಡಬೇಕು ಅನಿಸುತ್ತೆ. ಏಲಿ ವಾಲಕ್ ಸುಪಾರಿ ಕೊಲೆಗಾರ. ಇವರನ್ನು ಮುಗಿಸಲು 30 ವರ್ಷ ಕಾದಿದ್ದಾನೆ, ಈಗ ಅವನಿಗೆ ಕಣ್ಣೇ ಸರಿಯಾಗಿ ಕಾಣಲ್ಲ. ನನಗೆ ಜಾಸ್ತಿ ನಗು ಬಂದಿದ್ದು ಅವನನ್ನು ನೋಡಿಯೇ. ಉಗಿಬಂಡಿ ಹುಚ್ಚು ಇದ್ದರೆ ಕೊನೆಯವರೆಗೂ ಕೂರಿ, ಅಲ್ಲಿ ಓಡುವುದು 1941ರಲ್ಲಿ ತಯಾರಾದ ಸದರ್ನ್ ಪೆಸಿಫಿಕ್ 4449 ಎಂಜಿನ್.